ಬೆಳಿಗ್ಗೆ ಅಂಟಿಸಿದ ಮೊಲ

ಮಾರ್ಚ್ 11, ಮಂಗಳವಾರ

ಆ ಮೊಲದ ಸ್ಟಿಕ್ಕರನ್ನು ನಂಬಲು ನನ್ನಿಂದ ಇನ್ನೂ ಆಗಿಲ್ಲ. ನಾನು ಕೆಲಸಕ್ಕಿರುವ ಅತ್ತೆಯ ಬ್ಯೂಟಿ ಪಾರ್ಲರಿಗೆ ಕ್ರೀಮ್ ತಂದುಹಾಕುವ ಏಜೆಂಟ್ ಬೆಳಿಗ್ಗೆ ಅದರದೊಂದು ಸುರುಳಿ ಕೊಟ್ಟ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಲ್ಲ ಎಂಬುದಕ್ಕೆ ಅದು ಗುರುತಂತೆ. ಹೋದ ವರ್ಷದಿಂದ ಕಪಾಟಿನಲ್ಲಿ ಕೂತಿರುವ ಡಬ್ಬಿಗಳಿಗೂ ಅಂಟಿಸಬೇಕಂತೆ.

"ಮಾಡಿಲ್ಲ ಅಂತ ನೋಡಿದವರು ಯಾರು?" ಎಂದೆ.

"ಕಂಪನಿಯವರೇ ಹೇಳಿದಾರಲ್ಲಮ್ಮ," ಎಂದು ನಕ್ಕ.

"ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ಈಗ ಪ್ರಶ್ನೆಪತ್ರಿಕೆ ತೆಗೀತಾಳೆ. ಅಂಟಿಸೇ, ಮೊಲ ಏನೂ ಕಚ್ಚಲ್ಲ," ಎಂದಳು ಅತ್ತೆ.

ಹನ್ನೆರಡು ಡಬ್ಬಿಗೆ ಅಂಟಿಸಿದೆ. ಪ್ರಯೋಗಕ್ಕೆಂದು ಕಣ್ಣು ಸುಟ್ಟ ಮೊಲದ ಫೋಟೋ ನೋಡಿದ ದಿನವೇ ಕಾಡಿಗೆ ಹಚ್ಚುವುದನ್ನು ಬಿಟ್ಟವಳು ನಾನು. ಆದರೂ ಅಂಟಿಸಿದೆ.

ಮಧ್ಯಾಹ್ನ ನನ್ನ ಹಳೆಯ ವಿಜ್ಞಾನದ ಟೀಚರ್ ಬಂದರು. ಡಬ್ಬಿ ತಿರುಗಿಸಿ ನೋಡಿ, "ಇದು ನಿಜಾನೇನೇ? ನೀನು ಸುಳ್ಳು ಹೇಳೋಳಲ್ಲ, ಅದಕ್ಕೇ ಕೇಳ್ತಿದೀನಿ," ಎಂದರು. ಅತ್ತೆ ಕನ್ನಡಿಯಲ್ಲೇ ನನ್ನನ್ನು ದುರುಗುಟ್ಟಿ ನೋಡಿದಳು.

"ಗೊತ್ತಿಲ್ಲ ಟೀಚರ್. ಈ ಮೊಲಾನ ಬೆಳಿಗ್ಗೆ ನಾನೇ ಅಂಟಿಸಿದ್ದು."

ಟೀಚರ್ ಡಬ್ಬಿ ಅಲ್ಲೇ ಇಟ್ಟು ಹೋದರು. ಅತ್ತೆ ಅದನ್ನು ಮತ್ತೆ ಕಪಾಟಿಗೇರಿಸಿದಳು. ನಾಳೆ ಬಾ ಅಂತಲೂ ಹೇಳಲಿಲ್ಲ, ಬರಬೇಡ ಅಂತಲೂ ಹೇಳಲಿಲ್ಲ. ಮೂರು ಕಡೆ ಬಿಟ್ಟುಬಂದ ಮೇಲೆ ಸಿಕ್ಕ ಕೆಲಸ ಇದು.

ಈಗ ಬಚ್ಚಲಿನಿಂದ ನನ್ನ ಸೋಪಿನ ಡಬ್ಬಿ ತಂದು ನೋಡಿದೆ. ಮೊಲ ಇದೆ ಅಂತಲೇ ಎರಡು ವರ್ಷದಿಂದ ಕೊಳ್ಳುತ್ತಿರುವ ಸೋಪು. ಮೊಲದ ಅಂಚಿಗೆ ಉಗುರು ಹಾಕಿದೆ. ಇದೂ ಸ್ಟಿಕ್ಕರೇ, ಏಳುತ್ತಿದೆ. ಇದನ್ನು ಅಂಟಿಸಿದವಳು ಯಾರೋ, ಅವಳನ್ನೂ ಯಾರಾದರೂ ಕೇಳಿದ್ದರೆ, ಗೊತ್ತಿಲ್ಲ ಅಂತಲೇ ಹೇಳುತ್ತಿದ್ದಳೇನೋ.