ಬೆಳಕಿಗೆ ಬಂದ ನರಿ

೧೪ ನವೆಂಬರ್ ೧೯೯೮, ಶನಿವಾರ. ಸ್ಟ್ಯಾನ್ಮೋರ್

ಅದು ಓಡಬೇಕಿತ್ತು. ಬೆಳಕು ಕಂಡರೆ ನರಿ ಓಡಿಯೇ ಓಡುತ್ತದೆ ಎಂದು ಬಂದೂಕಿನವನೂ ಹೇಳಿದ್ದ. ಕೋಳಿಗಳಿಗೆ ನರಿಯ ಕಾಟವೆಂದು ಪಕ್ಕದ ಮನೆಯವರು ಅವನನ್ನು ಕರೆಸಿದ್ದರು; ನಮ್ಮ ಹಿತ್ತಲಲ್ಲಿ ನಿಂತು ಹೊಡೆಯಲು ಅವನಿಗೆ ಒಪ್ಪಿಗೆ ಕೊಟ್ಟವನು ನಾನು. ಅವನು ದೀಪ ಹಾಯಿಸಿದ. ನರಿ ನೇರ ಬೆಳಕಿನ ಕಡೆಗೇ ನಡೆದುಬಂದು ಮೆಟ್ಟಿಲ ಹತ್ತಿರ ಕುಳಿತುಕೊಂಡಿತು.

ನನ್ನ ಹೆಂಡತಿ ವತ್ಸಲಾ ದಿನಾ ಸಂಜೆ ಟಾರ್ಚ್ ಹಿಡಿದು ಅಲ್ಲೇ ಅದಕ್ಕೆ ಚಪಾತಿ ಹಾಕುತ್ತಿದ್ದಳು. ನಾನು ಗದರಿದರೆ, “ಬಾಗಲಕ ಬಂದದ್ದು ಹಸಕೊಂಡು ಹೋಗಬಾರದು, ಸುಮ್ನಿರ್‍ರಿ” ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಆ ಹಿತ್ತಲ ಬಾಗಿಲನ್ನೇ ತೆರೆದಿರಲಿಲ್ಲ.

ಗುಂಡು ಹಾರುವ ತನಕ ಅದು ಬೆಳಕನ್ನೇ ನೋಡುತ್ತಿತ್ತು. ಇಷ್ಟು ದಿನ ಅವಳ ದಾರಿ ಕಾಯುತ್ತಿರುವವನು ನಾನೊಬ್ಬನೇ ಅಂದುಕೊಂಡಿದ್ದೆ.