ಎದುರು ಪಕ್ಷದ ಮೂವತ್ತು ಸಾಲು

ಆಗಸ್ಟ್ ೬, ಬುಧವಾರ

ಹನ್ನೊಂದು ಪ್ರಬಂಧ ತಿದ್ದಿದ್ದಾಯಿತು. ವಿಷಯ — ಸೊಳ್ಳೆ ಮತ್ತು ಊರಿನ ಚರಂಡಿ. ಒಂಬತ್ತು ಜನ ಶುರು ಮಾಡಿದ್ದು ಒಬ್ಬನೇ ಗ್ರೀಕ್ ತತ್ವಜ್ಞಾನಿಯಿಂದ. ಹೋದ ವಾರದ ವಿಷಯ ಮುದುಕರ ಒಂಟಿತನ. ಆಗಲೂ ಅವನೇ ಬಂದಿದ್ದ. ಫೋನಿನಲ್ಲಿ ಸಿಗುತ್ತದಂತೆ, ಯಾವ ವಿಷಯಕ್ಕೂ ಹೊಂದುವ ರೆಡಿಮೇಡ್ ಪೀಠಿಕೆ. ಪಾಪ, ಎರಡು ಸಾವಿರ ವರ್ಷದ ಹಿಂದೆ ಸತ್ತವನನ್ನು ಎಳೆದು ತಂದು ನಮ್ಮ ಚರಂಡಿಯ ಪಕ್ಕ ನಿಲ್ಲಿಸಿದ್ದಾರೆ.

ನವೆಂಬರ್‌ಗೆ ಮೂರು ತಿಂಗಳು. ಇಡೀ ಬ್ರೆಜಿಲ್‌ನ ಮಕ್ಕಳು ಒಂದೇ ಭಾನುವಾರ ಒಂದೇ ವಿಷಯಕ್ಕೆ ಮೂವತ್ತು ಸಾಲು ಬರೆಯುತ್ತಾರೆ. ಸಾವಿರ ಅಂಕ. ಅದರ ಮೇಲೆ ಯೂನಿವರ್ಸಿಟಿ ಸೀಟು. ಅಷ್ಟು ದೊಡ್ಡ ಸಂತೆಯಲ್ಲಿ ನಮ್ಮ ಗ್ರೀಕನನ್ನು ಯಾರು ಕೇಳುತ್ತಾರೆ...

ಶನಿವಾರದಿಂದ ತತ್ವಜ್ಞಾನಿಗಳಿಗೆ ರಜೆ. ಬೋರ್ಡಿನ ಮೇಲೆ ಬರೆದೇ ಬಿಡುತ್ತೇನೆ.

ಆಗಸ್ಟ್ ೯, ಶನಿವಾರ

ಇವತ್ತಿನ ಕ್ಲಾಸ್ ಹಬ್ಬ.

ಯಾರಾದರೂ ನಮ್ಮನ್ನು ಒಪ್ಪಿಸಲು ಮಾತಾಡಿದರೆ ಕೇಳಬೇಕಾದ ಮೂರು ಪ್ರಶ್ನೆ ಬರೆಸುತ್ತಿದ್ದೆ: ಯಾರನ್ನು ಕರೆಯುತ್ತಿದ್ದಾನೆ, ಏನು ತೋರಿಸುತ್ತಿದ್ದಾನೆ, ಏನು ಹೇಳದೆ ಬಿಟ್ಟಿದ್ದಾನೆ. ಅಷ್ಟರಲ್ಲಿ ಹೊರಗೆ ಗ್ಯಾಸ್ ಮಾರುವವನ ಗಾಡಿ, ಮೈಕ್ ಹಾಕಿಕೊಂಡು. ಪುಸ್ತಕ ಮುಚ್ಚಿಸಿದೆ. ಎಲ್ಲರೂ ಕಿಟಕಿಗೆ. ಅವನು ಬೀದಿ ತಿರುಗಿ ಎರಡನೇ ಸಲ ಬಂದಾಗ ಹನ್ನೊಂದು ಜನ ಮಾತು ಬರೆದುಕೊಳ್ಳುತ್ತಿದ್ದರು. ಅವನು ಹೆದರಿ ಮೈಕ್ ಆರಿಸಿದ. ತೂಕದಲ್ಲಿ ಏನೋ ಕಂಪ್ಲೇಂಟ್ ಎಂದುಕೊಂಡನೋ ಏನೋ.

ಲುಸಿನಾರಾ ಕೊನೆಯ ಬೆಂಚಿನಿಂದ ಹೇಳಿದ್ದು ಬರೆದಿಡಬೇಕು. "ಅವ್ನು ಗ್ಯಾಸ್ ತಗೊಳ್ಳಿ ಅಂತ ಒಂದ್ಸಲಾನೂ ಹೇಳಲ್ಲ ಮೇಷ್ಟ್ರೇ. ಅನ್ನ ಅರ್ಧ ಬೆಂದಾಗ ಮುಗಿದ್ರೆ ಅಂತಾನೆ. ಮಿಕ್ಕಿದ್ದು ನಾವೇ ಹೇಳ್ಕೋತೀವಿ."

ಇಪ್ಪತ್ತೆರಡು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ. ಇಷ್ಟು ಚೊಕ್ಕವಾಗಿ ನಾನೂ ಹೇಳಿರಲಿಲ್ಲ. ಈ ಹುಡುಗಿ ಬಾಯಲ್ಲಿ ಹೇಳಿದ್ದನ್ನು ಹಾಳೆಯ ಮೇಲೆ ಯಾಕೆ ಬರೆಯುವುದಿಲ್ಲ?

ಆಗಸ್ಟ್ ೧೩, ಬುಧವಾರ

ಪ್ಲಾಸಿದು ಬಂದಿದ್ದ, ಮೀನುಗಾರರ ಸಂಘದ ಅಧ್ಯಕ್ಷ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಟೋಪಿ ತೆಗೆದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

ಬೆಂದ ಏಡಿಯ ಮಾಂಸ ಬಿಡಿಸುವ ಹದಿನೆಂಟು ಮನೆಯ ಹೆಂಗಸರು ಅರ್ಜಿ ಕೊಟ್ಟಿದ್ದಾರಂತೆ — ಸಂಘದ ಹಾಲ್ ಬೇಕು, ದಿನಾ ಮಧ್ಯಾಹ್ನ. ಮನೆಯಲ್ಲಿ ಬಿಡಿಸಿದ ಏಡಿಗೆ ಆರೋಗ್ಯ ಇಲಾಖೆಯ ಮುದ್ರೆ ಸಿಗುವುದಿಲ್ಲ. ಮುದ್ರೆ ಇಲ್ಲದ್ದನ್ನು ಬ್ರಗಾನ್ಸಾ ಪೇಟೆಯಲ್ಲಿ ನೇರವಾಗಿ ಮಾರುವಂತಿಲ್ಲ, ದಲ್ಲಾಳಿ ಹೇಳಿದ ರೇಟಿಗೇ ಕೊಡಬೇಕು. ಟೈಲ್ಸ್ ನೆಲ, ಎರಡು ನಲ್ಲಿ, ನೀರು ಹೋಗುವ ಮೋರಿ ಇರುವುದು ಊರಿಗೆಲ್ಲ ಈ ಹಾಲ್‌ನಲ್ಲಿ ಮಾತ್ರ. ಅದೇ ಹಾಲ್‌ನಲ್ಲಿ ಬುಧವಾರ, ಶನಿವಾರ ಮಧ್ಯಾಹ್ನ ನನ್ನ ಪ್ರಬಂಧದ ಕ್ಲಾಸ್.

ಬೇರೆ ಹೊತ್ತಿಗೆ ಮಾಡೋಣವೆಂದರೆ ಸ್ಕೂಲಿನಲ್ಲಿ ಮೂರು ಪಾಳಿ, ಒಂದು ಕೋಣೆ ಖಾಲಿಯಿಲ್ಲ. ಸಂಜೆಯ ಮೇಲೆ ಮಾಡಿದರೆ ಹೊಳೆಯಾಚೆಯ ಮೂವರಿಗೆ ದೋಣಿಯಿಲ್ಲ. ಹಾಲ್ ಹೋದರೆ ಕ್ಲಾಸೂ ಹೋದಂತೆಯೇ, ಅದೂ ಪರೀಕ್ಷೆಗೆ ಹನ್ನೆರಡು ವಾರ ಇರುವಾಗ.

ಮೂವತ್ತೊಂದನೇ ತಾರೀಕು ಭಾನುವಾರ ಸಂಘದ ಸಭೆ, ಕೈ ಎತ್ತಿಸಿ ತೀರ್ಮಾನ. ಪ್ಲಾಸಿದು ನನ್ನ ಪರ ಎಂದು ಹೇಳಿ ಹೋದ. ಅವನ ಮಗನಿಗೆ ಅಕ್ಷರ ಹತ್ತಿಸಿದ್ದು ನಾನು.

ನನಗೇನೂ ಭಯವಿಲ್ಲ. ಒಪ್ಪಿಸುವ ವಿದ್ಯೆಯೇ ನಮ್ಮ ಕಸುಬು. ಊರಲ್ಲಿ ನಮಗಿಂತ ಚೆನ್ನಾಗಿ ವಾದಿಸುವವರು ಯಾರಿದ್ದಾರೆ?

ಆಗಸ್ಟ್ ೧೬, ಶನಿವಾರ

ಎಲ್ಲರಿಂದ ಬರೆಸಿದೆ: ಹಾಲ್ ಕ್ಲಾಸಿಗೇ ಯಾಕೆ ಇರಬೇಕು. ಹುರುಪೋ ಹುರುಪು. ಜೊಸಿಮಾರ್ — ಹೊಳೆಯಾಚೆಯವನು, ಬಾಯಿಬಡುಕ — ಎದ್ದು ನಿಂತು ಓದಿದ. ಹೆಂಗಸರ ಕಣ್ಣಲ್ಲಿ ನೀರು ತರಿಸುತ್ತೇನೆಂದು ಶುರು ಮಾಡಿ ತಾನೇ ನಕ್ಕುಬಿಟ್ಟ.

ಲುಸಿನಾರಾಳದ್ದು ನಾನೂರ ಎಂಬತ್ತು. ಒಣಗಿದ ಸೌದೆ. "ಶಿಕ್ಷಣವು ಸಮಾಜದ ಬೆನ್ನೆಲುಬು" ಅಂತೆ. ಗ್ರೀಕನೂ ವಾಪಸ್ಸು ಬಂದಿದ್ದಾನೆ. ಅವಳ ಅಮ್ಮ ದೊನಾ ಬೆನ್ವಿಂದಾ. ಆ ಹೆಂಗಸರ ಗುಂಪಿನ ಮುಂದಾಳು, ಅರ್ಜಿಯ ಮೊದಲ ಸಹಿ ಆಕೆಯದೇ. ಆದರೂ ಹುಡುಗಿ ನನ್ನ ಪರ ಬರೆದಿದ್ದಾಳೆ. ಮರ್ಯಾದೆಗೆ.

ನನ್ನ ಹಳೆಯ ನಿಯಮ, ವಿಷಯ ಯಾವುದಾದರೂ ಒಮ್ಮೆ ಎದುರು ಪಕ್ಷ ವಹಿಸಿ ಬರೆಯಬೇಕು. ಚೀಟಿ ಹಾಕಿದೆ. ನಾಲ್ವರಿಗೆ ಎದುರು ಪಕ್ಷ. ಲುಸಿನಾರಾ ತನ್ನ ಚೀಟಿ ಓದಿ, ಮಡಚಿ, ಜೇಬಿಗೆ ಹಾಕಿಕೊಂಡಳು. "ಬೇಡ ಅಂದ್ರೆ ಬದಲಾಯಿಸ್ತೀನಿ ಮಗಾ" ಎಂದೆ. ಬೇಡ ಎಂದಳು.

ಆಗಸ್ಟ್ ೨೦, ಬುಧವಾರ

ಅವಳ ಹಾಳೆ ಮುಂದಿದೆ. ಮೂರನೇ ಸಲ ಓದಿದೆ. ಶುರುವಿನ ಸಾಲುಗಳನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

"ನನ್ನ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ದಿನಕ್ಕೆ ನೂರಿಪ್ಪತ್ತು ಏಡಿ ಒಡೆಯುತ್ತಾರೆ. ನಮ್ಮ ಮನೆಯಲ್ಲಿರುವುದು ಅದೊಂದೇ ಮೇಜು. ಅವರ ಕೆಲಸ ಮುಗಿದ ಮೇಲೆ ಅದರ ಮೇಲೆ ನಾನು ಓದಬೇಕು. ಆದ್ದರಿಂದ ಹಾಲ್ ಕ್ಲಾಸಿಗೇ ಇರಲಿ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನನಗಿದೆ. ಆ ಹಕ್ಕಿನಿಂದಲೇ ಕೇಳುತ್ತಿದ್ದೇನೆ: ಹಾಲ್ ಅಮ್ಮನಿಗೆ ಕೊಡಿ. ನಾವು ಹನ್ನೊಂದು ಜನ ಎಲ್ಲಿ ಕೂತರೂ ಬರೆಯಬಲ್ಲೆವು. ಏಡಿಗೆ ಟೈಲ್ಸ್ ಬೇಕು."

ಗ್ರೀಕನಿಲ್ಲ. ಬೆನ್ನೆಲುಬಿಲ್ಲ.

ಪರೀಕ್ಷೆಯಲ್ಲಿ "ನಾನು" ಎಂದು ಬರೆಯಬೇಡಿ ಎಂದು ಸಾವಿರ ಸಲ ಹೇಳಿದ್ದೇನೆ. ಕೆಂಪು ಪೆನ್ ಎತ್ತಿದೆ. ಇಳಿಸಿದೆ.

ಆಗಸ್ಟ್ ೨೨, ಶುಕ್ರವಾರ

ಎರಡು ದಿನದಿಂದ ಅವಳಿಗೆ ಉತ್ತರ ಬರೆಯುತ್ತಿದ್ದೇನೆ. ನಾಲ್ಕು ಪೀಠಿಕೆ ಬರೆದು ನಾಲ್ಕನ್ನೂ ಹರಿದೆ. ಹೆಂಡತಿ ಬಾಗಿಲಲ್ಲಿ ನಿಂತು, ಹದಿನೇಳರ ಹುಡುಗಿಯ ಜೊತೆ ಜಗಳಕ್ಕೆ ಇಷ್ಟು ಕಾಗದ ಬೇಕಾ ಎಂದಳು.

ಏಡಿ ಬಿಡಿಸುವುದನ್ನು ಕಣ್ಣಾರೆ ನೋಡದೆ ಉತ್ತರ ಕೊಡುವುದು ಸರಿಯಲ್ಲವೆನ್ನಿಸಿತು. ಮಧ್ಯಾಹ್ನ ಸೈಕಲ್ ಹತ್ತಿ ಲುಸಿನಾರಾಳ ಮನೆಗೆ ಹೋದೆ. ಗಂಡಸರು ಉಪ್ಪುನೀರಿನ ಕಾಂಡ್ಲಾ ಕಾಡಿನ ಕೆಸರಿನಿಂದ ಹಿಡಿದು ತಂದದ್ದು ಆಗಲೇ ಬೆಂದಿತ್ತು. ಮೇಜಿನ ಸುತ್ತ ನಾಲ್ವರು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಟಕ್ ಎಂದು ಕಾಲು ಒಡೆದು, ಚಾಕುವಿನ ತುದಿಯಿಂದ ಒಂದೇ ಎಳೆತಕ್ಕೆ ಮಾಂಸ. ಬಾಯಲ್ಲಿ ಊರಿನ ಸುದ್ದಿ, ಕೈ ನಿಲ್ಲುವುದೇ ಇಲ್ಲ. ಬುಧವಾರ, ಶನಿವಾರ ಬಿಟ್ಟು ಉಳಿದ ದಿನ ಮಾಡಬಾರದೇ ಎಂದು ಕೇಳಿದೆ. ನಾಲ್ವರೂ ನಕ್ಕರು. ಬೆಂದದ್ದನ್ನು ಅವತ್ತೇ ಬಿಡಿಸಬೇಕಂತೆ, ಏಡಿಗೆ ಟೈಮ್‌ಟೇಬಲ್ ಓದಲು ಬರುವುದಿಲ್ಲವಂತೆ.

ದೊನಾ ಬೆನ್ವಿಂದಾ ಒಂದು ತಟ್ಟೆ ಏಡಿಗೆ ಹುರಿದ ಮರಗೆಣಸಿನ ಹಿಟ್ಟು ಉದುರಿಸಿ ಮುಂದಿಟ್ಟಳು. ಮಗಳು ಬರೆದದ್ದು ಆಕೆಗೆ ಗೊತ್ತಿಲ್ಲ. ಆಕೆ ಅಂದದ್ದು ಇಷ್ಟೇ: "ನೀವೇ ಗೆಲ್ತೀರ ಬಿಡಿ ಮೇಷ್ಟ್ರೇ. ಮಾತು ಬರೋದು ನಿಮ್ಗೆ. ನಮ್ಗೆ ಬರೋದು ಇದು."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಏಡಿ ಬಹಳ ರುಚಿಯಾಗಿತ್ತು, ಅದೊಂದು ಕಷ್ಟ.

ಆಗಸ್ಟ್ ೨೩, ಶನಿವಾರ

ಲುಸಿನಾರಾಳನ್ನು ಕೇಳಿ, ಅವಳ ಹಾಳೆಯನ್ನು ಬೋರ್ಡಿನ ಮೇಲೆ ಇಳಿಸಿದೆ. ಹೆಸರು ಹಾಕಲಿಲ್ಲ. ಮೊದಲ ಸಾಲಿಗೇ ಎಲ್ಲರಿಗೂ ಗೊತ್ತಾಯಿತು.

ಜೊಸಿಮಾರ್ ಕುದಿದುಹೋದ. ನಮ್ಮ ಅನ್ನ ತಿಂದು ಅವರ ಪರ ಬರೀತಾಳೆ ಅಂದ. ನಾವು ಯಾವತ್ತೂ ಅನ್ನ ಹಾಕಿಲ್ಲ, ಬಿಸ್ಕತ್ತು ಮಾತ್ರ ಎಂದು ಯಾರೋ ತಿದ್ದಿದರು. ಸಿಟ್ಟಿದ್ದರೆ ತೂತು ಹುಡುಕಿ ಎಂದೆ. ಗ್ಯಾಸಿನವನಿಗೆ ಕೇಳಿದ ಮೂರು ಪ್ರಶ್ನೆಯನ್ನೇ ಇವಳಿಗೂ ಕೇಳಿ. ಒಂದು ಗಂಟೆ ಹತ್ತೂ ಜನ ಬೋರ್ಡಿಗೆ ಅಂಟಿಕೊಂಡಿದ್ದರು. ಯಾರಿಗೂ ಕಡ್ಡಿ ಆಡಿಸಲು ಜಾಗ ಸಿಗಲಿಲ್ಲ. ತನ್ನ ನಷ್ಟವನ್ನು ತಾನೇ ಮೊದಲು ಹೇಳಿಬಿಟ್ಟಿದ್ದಾಳಲ್ಲ, ಅದು ಮೋಸ ಎಂದ ಒಬ್ಬ. ಅದು ಮೋಸ ಅಲ್ಲ ಮಗನೇ, ಅದೇ ವಿದ್ಯೆ ಎಂದೆ.

ಕೊನೆಗೆ ತೂತು ಸಿಕ್ಕಿದ್ದು ಜೊಸಿಮಾರ್‌ಗೇ. "ಎಲ್ಲಿ ಕೂತ್ರೂ ಬರೀಬಹುದು ಅಂದಿದ್ದಾಳೆ. ಎಲ್ಲಿ? ನಾನೇನು ದೋಣಿಲಿ ಕೂತು ಬರೀಲಾ?"

ಸರಿಯಾದ ಪ್ರಶ್ನೆ. ಸಾವಿರದಲ್ಲಿ ಕೊನೆಯ ಇನ್ನೂರು ಅಂಕ ಇರುವುದೇ ಅದಕ್ಕೆ: ಹಾಗಾದರೆ ಏನು ಮಾಡಬೇಕು, ಯಾರು, ಹೇಗೆ, ಯಾತಕ್ಕೆ. ಬರೀ ಬೇಕು ಅಂದರೆ ಸಾಲದು. ಲುಸಿನಾರಾ ಅದನ್ನು ಅರ್ಧ ಸಾಲಿನಲ್ಲಿ ಹಾರಿಸಿದ್ದಾಳೆ. ಎಂಬತ್ತು ಕಳೆದು ವಾಪಸ್ ಕೊಟ್ಟೆ. ಹಾಳೆ ತೆಗೆದುಕೊಂಡು ತುಟಿ ಬಿಗಿದು ಹೋದಳು. ಅಳಲಿಲ್ಲ. ಲೆಕ್ಕ ಹಾಕುವವರ ಮುಖ.

ನನ್ನ ಗತಿ ಏನು? ಅವಳು ಆ ತೂತು ಮುಚ್ಚಿದರೆ ಸಭೆಯಲ್ಲಿ ನಾನು ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮುಚ್ಚದಿದ್ದರೆ ಮೇಷ್ಟ್ರಾಗಿ ಸೋತೆ.

ಆಗಸ್ಟ್ ೩೦, ಶನಿವಾರ

ಮುಚ್ಚಿದಳು.

ಎಷ್ಟು ಸುಲಭ — ನನಗೆ ಹೊಳೆಯಲೇ ಇಲ್ಲ. ಏಡಿ ಹಾಲ್‌ಗೆ ಹೋದರೆ ಹದಿನೆಂಟು ಅಡುಗೆಮನೆಯ ಮೇಜು ಮಧ್ಯಾಹ್ನ ಖಾಲಿ. ಕ್ಲಾಸ್ ಅಲ್ಲಿಗೆ ಬರಲಿ. ಹೆಂಗಸರ ಗುಂಪು ಸರದಿಯ ಮೇಲೆ ಒಂದೊಂದು ಮನೆ ಕೊಡಲಿ, ಪಟ್ಟಿ ಹಾಲ್‌ನ ಬಾಗಿಲಿಗೆ ಅಂಟಿಸಲಿ, ಶನಿವಾರ ದೋಣಿ ಬೇಗ ಹೊರಡುವುದರಿಂದ ಅವತ್ತು ಅದು ನಿಲ್ಲುವ ದಕ್ಕೆಯ ಹತ್ತಿರದ ಮನೆಯೇ ಆಗಲಿ, ಹೊಳೆಯಾಚೆಯವರು ದೋಣಿ ತಪ್ಪಿಸಿಕೊಳ್ಳದಿರಲಿ. ಮೂವತ್ತನೇ ಸಾಲಿಗೆ ಸರಿಯಾಗಿ ಮುಗಿದಿದೆ.

ಜೊಸಿಮಾರ್ ಓದಿ ನೋಡಿದ. ದೋಣಿಯ ಸಾಲನ್ನು ಎರಡು ಸಲ. "ಥೂ, ಒಪ್ಕೊಂಡೆ" ಎಂದ. ಕ್ಲಾಸೆಲ್ಲ ಬೆಂಚು ಕುಟ್ಟಿತು.

ಒಂಬೈನೂರ ಅರವತ್ತು ಕೊಟ್ಟೆ. ನಲವತ್ತು ಕಳೆದದ್ದು "ನಾನು" ಎಂಬುದಕ್ಕೆ. ಪರೀಕ್ಷೆಯಲ್ಲಿ ಬೇಡ ತಾಯಿ, ನಾಳೆ ಸಭೆಯಲ್ಲಿ ಮಾತ್ರ ಇರಲಿ ಎಂದೆ. ನಾಳೆ ಅಂದರೆ, ಎಂದಳು. ನಾಳೆ ಓದುವವಳು ನೀನೇ ಎಂದೆ.

ಆಗಸ್ಟ್ ೩೧, ಭಾನುವಾರ, ಮಧ್ಯಾಹ್ನ ೩.೪೦

ಹಾಲ್ ತುಂಬಿದೆ. ಹಿಂದಿನ ಸಭೆಯ ವರದಿ ಓದುತ್ತಿದ್ದಾರೆ. ಗಂಡಸರು ಬಾಗಿಲ ಹತ್ತಿರ, ಹೆಂಗಸರು ನಲ್ಲಿಯ ಹತ್ತಿರ. ದೊನಾ ಬೆನ್ವಿಂದಾ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾಳೆ. ಲುಸಿನಾರಾ ಹಾಳೆಯ ಕೊನೆಯ ಸಾಲನ್ನು ಮತ್ತೆ ಓದಿಕೊಳ್ಳುತ್ತಿದ್ದಾಳೆ. ನನ್ನ ಹೆಸರು ಕರೆದರು —

ಅದೇ ದಿನ, ಸಂಜೆ

ಎದ್ದು ನಿಂತು ಹೇಳಿದ್ದು ಇಷ್ಟು: ಹತ್ತು ದಿನದಿಂದ ಒಂದು ವಾದಕ್ಕೆ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ, ನೀವೂ ಕೇಳಿ. ಕೂತೆ.

ಲುಸಿನಾರಾ ಓದಿದಳು. "ನನ್ನ ಅಮ್ಮ" ಎಂದಾಗ ದೊನಾ ಬೆನ್ವಿಂದಾ ಮಗಳನ್ನು ಗದರಿಸಲು ಅರ್ಧ ಎದ್ದಿದ್ದಳು — ಮೇಷ್ಟ್ರ ವಿರುದ್ಧ ಮಾತಾಡುತ್ತೀಯಾ ಎಂದು. ಪಕ್ಕದವಳು ಅಂಗಿ ಹಿಡಿದು ಕೂರಿಸಿದಳು. "ಏಡಿಗೆ ಟೈಲ್ಸ್ ಬೇಕು" ಎಂದಾಗ ಗಂಡಸರ ಕಡೆಯಿಂದಲೇ ಹೂಂ ಎಂಬ ಸದ್ದು ಬಂತು. ಅಡುಗೆಮನೆಯ ವಿಷಯ ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೂ ಅದು ಹೊಸ ಸುದ್ದಿ. ಆಮೇಲೆ ನಗು ಶುರುವಾಯಿತು, ನಲ್ಲಿಯ ಹತ್ತಿರದಿಂದ ಬಾಗಿಲವರೆಗೆ.

ಕೈ ಎತ್ತಿಸಿದರು. ಹೆಂಗಸರ ಪರ ಐವತ್ತೆರಡು. ನನ್ನ ಪರ ಒಂದು, ಪ್ಲಾಸಿದುವಿನದು. ನಾನೇ ಕೈ ಎತ್ತಿದ್ದು ಹೆಂಗಸರ ಕಡೆಗೆ ಎಂದು ಅವನಿಗೆ ತೋರಿಸಿದೆ. "ಮಾತು ಕೊಟ್ಟಿದ್ದೆನಲ್ಲ ಮೇಷ್ಟ್ರೇ" ಎಂದು ಕೈ ಇಳಿಸಲೇ ಇಲ್ಲ ಅವನು. ನನ್ನ ಪರವಾಗಿ ಎರಡು ಪುಟ ಭಾಷಣ ಬೇರೆ ಬಾಯಿಪಾಠ ಮಾಡಿಕೊಂಡು ಬಂದಿದ್ದನಂತೆ. ದಾರಿಯುದ್ದಕ್ಕೂ ನನಗೊಬ್ಬನಿಗೇ ಒಪ್ಪಿಸಿದ. ಕೆಟ್ಟದಾಗಿರಲಿಲ್ಲ.

ದೊನಾ ಬೆನ್ವಿಂದಾ ಹೊರಗೆ ಕಾದಿದ್ದಳು. ನನ್ನ ಅಂಗಿಯ ಕಾಲರ್ ಸರಿಮಾಡಿ ಹೋದಳು.

ಇಷ್ಟು ಚೆನ್ನಾಗಿ ಸೋತದ್ದು ಇದೇ ಮೊದಲು. ಮನೆಗೆ ಬರುವಾಗ ಸಿಳ್ಳೆ ಹಾಕುತ್ತಿದ್ದೆನಂತೆ, ಹೆಂಡತಿ ಹೇಳಿದಳು.

ಸೆಪ್ಟೆಂಬರ್ ೧೦, ಬುಧವಾರ

ಮೊದಲ ಅಡುಗೆಮನೆ ಕ್ಲಾಸ್. ದೊನಾ ಬೆನ್ವಿಂದಾಳ ಮನೆ. ಮೇಜಿಗೆ ಎಂಟು ಜನ, ಅಕ್ಕಿಯ ಡಬ್ಬದ ಮೇಲೆ ಇಬ್ಬರು, ಹೊಸ್ತಿಲಲ್ಲಿ ಜೊಸಿಮಾರ್ ಮತ್ತು ಒಂದು ಕೋಳಿ. ಬೋರ್ಡಿಲ್ಲ, ಫ್ರಿಜ್ಜಿನ ಬಾಗಿಲ ಮೇಲೆ ಬರೆದೆ, ನೀರು ಬೇಕಾದವರು ಬಾಗಿಲು ತೆಗೆದಾಗಲೆಲ್ಲ ಪಾಠ ಗೋಡೆ ಕಡೆ ತಿರುಗುತ್ತದೆ. ಏಡಿಯ ವಾಸನೆ ಇನ್ನೂ ಇದೆ. ಯಾರಿಗೂ ಹಸಿವು ತಡೆಯುತ್ತಿಲ್ಲ.

ಮಕ್ಕಳು ಬರೆಯುತ್ತಿದ್ದಾರೆ, ನಾನೂ ಬರೆಯುತ್ತಿದ್ದೇನೆ. ಈಗ ಹಾಲ್‌ನಿಂದ ಮೂವರು ಹೆಂಗಸರು ಬಂದರು, ಒದ್ದೆ ಕೈಯಲ್ಲೇ. ಶನಿವಾರ ದಕ್ಕೆಯ ಹತ್ತಿರದ ಮನೆ ಎಂದು ಬರೆದಿದೆಯಲ್ಲ, ದಕ್ಕೆಯ ಹತ್ತಿರ ಮೂರು ಮನೆಯಿದೆ. ಮೂವರಿಗೂ ಕ್ಲಾಸ್ ತಮ್ಮ ಮನೆಗೇ ಬೇಕು.

ಒಬ್ಬಳು ತನ್ನ ಮನೆಯಲ್ಲಿ ಫ್ಯಾನ್ ಇದೆ ಎಂದಳು. ಎರಡನೆಯವಳು, ಫ್ಯಾನ್ ಇರುವ ಮನೆಯಲ್ಲಿ ಕರೆಂಟ್ ಇರುವುದಿಲ್ಲ ಎಂದಳು. ಮೂರನೆಯವಳು ತನ್ನ ಮನೆಯ ಮಾತೇ ಎತ್ತದೆ, ಶನಿವಾರ ಸಿಗಡಿ ಸಾರು ಪಾಯಸದಷ್ಟು ಗಟ್ಟಿಯಾಗಿ ಮಾಡಿಟ್ಟರೆ ತಿನ್ನುವವರಿಲ್ಲದೆ ಹಾಳಾಗುತ್ತದೆ ಎಂದು ಗೋಡೆಯನ್ನು ನೋಡಿಕೊಂಡು ಹೇಳಿದಳು.

ಹನ್ನೊಂದು ಪೆನ್ನೂ ನಿಂತವು. ಲುಸಿನಾರಾ ಮೂರನೆಯವಳಿಗೆ ಅಲ್ಲೇ ಇನ್ನೂರಕ್ಕೆ ಇನ್ನೂರು ಅಂಕ ಕೊಟ್ಟಳು. ಫ್ಯಾನಿನವಳು, ಇವಳು ಯಾವ ಊರಿನ ಮೇಷ್ಟ್ರು, ನನಗೆ ಎಷ್ಟು, ಯಾಕೆ ಕಡಿಮೆ ಎಂದು ಸೊಂಟದ ಮೇಲೆ ಕೈಯಿಟ್ಟಳು. ಜೊಸಿಮಾರ್ ಫ್ಯಾನಿನ ಪರ ವಕೀಲನಾಗಿ ಎದ್ದ. ಕೋಳಿ ಮೇಜು ಹತ್ತಿತು. ಕಡೆಗೆ ಎಲ್ಲರೂ ಒಟ್ಟಿಗೆ, ಮೇಷ್ಟ್ರು ಹೇಳಲಿ, ಮೇಷ್ಟ್ರು ಏನು ಬರೀತಾ ಕೂತಿದ್ದಾರೆ, ಪುಸ್ತಕ ಮುಚ್ಚಲಿ ಅವರು ಮೊದಲು —

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಹೇಳಲೇಬೇಕು. ಶನಿವಾರ ನಾವು ಸಿಗಡಿಯ ಮನೆಗೆ, ಮುಂದಿನ ಶನಿವಾರ ಫ್ಯಾನಿನ —