ಚೈನಾ ಗ್ರಾಸಿನಲ್ಲಿ ಪಾಸಾದ ತಂತಿ

೩ ಮಾರ್ಚ್ ೨೦೧೪, ರಾಬಳೆ

ಇವತ್ತೂ ಪುಲ್ ಟೆಸ್ಟ್. ಸಂಜೆವರೆಗೆ ಲೀಡ್ ತಂತಿ ಚುಚ್ಚಿದ್ದು, ಎಳೆದದ್ದು. ಎಲ್ಲ ಪಾಸ್. ಪಾಸಾಗದೆ ಏನು... ಚುಚ್ಚಿರುವುದು ಚೈನಾ ಗ್ರಾಸ್ ಜೆಲ್ಲಿಗೆ. ಮಾಲೀಕ ಸರ್ವೋತ್ತಮನ ಥಾಣೆ ಹೋಟೆಲಿನ ಅಡುಗೆಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಬರುತ್ತದೆ. ಸ್ವಲ್ಪ ಗಟ್ಟಿ ಬೇಕೆಂದರೆ ಪನೀರ್. ಮನುಷ್ಯರ ತೊಡೆಯೊಳಗೆ ಕೂರಬೇಕಾದದ್ದನ್ನು ಪನೀರಿನಲ್ಲಿ ಟೆಸ್ಟ್ ಮಾಡುವ ಕಂಪನಿ ನಮ್ಮದು. ಆಫೀಸಿನಲ್ಲಿ ದೇವರ ಫೋಟೊ ಇದೆ, ಮಾಂಸ ಹೊಸ್ತಿಲು ದಾಟಬಾರದು.

ಅಲ್ಲಿ ಸರ್ ಸರ್ ಅನ್ನಬೇಕು. ಇಲ್ಲಿ ಬರೀ ಸರ್ವೋತ್ತಮ. ನನ್ನ ಡೈರಿ, ನನ್ನಿಷ್ಟ.

ಲೀಡ್ ಮಾತ್ರ ಚೆನ್ನಾಗಿದೆ. ಡಿಸೈನ್ ನನ್ನದು. ಬಹಳ ತೆಳುವಾದ ಸ್ಟೀಲ್ ತಂತಿ, ಸ್ಪ್ರಿಂಗಿನ ಹಾಗೆ ಸುತ್ತಿದ್ದು, ತುದಿಯಲ್ಲಿ ಸಣ್ಣ ಹುಕ್. ಸೂಜಿಯೊಳಗಿಂದ ನರದ ಪಕ್ಕ ಬಿಡುವುದು. ಹೊರಗಿನ ತುದಿಗೆ ಪುಟ್ಟ ಬ್ಯಾಟರಿ ಡಬ್ಬಿ. ಒಂದೂವರೆ ತಿಂಗಳು ಹದವಾಗಿ ಕರೆಂಟ್ ಕೊಟ್ಟರೆ ನೋವು ಇಳಿಯಬೇಕು. ಆಮೇಲೆ ಎಳೆದರೆ ಸುರುಳಿ ಬಿಚ್ಚಿಕೊಂಡು, ಹುಕ್ ನೆಟ್ಟಗಾಗಿ, ಪೂರ್ತಿ ಹೊರಗೆ ಬರಬೇಕು. ಆದರೆ ಅಷ್ಟರಲ್ಲಿ ಮಾಂಸ ಸುರುಳಿಯೊಳಗೆ ಬೆಳೆದು ಹಿಡಿದುಕೊಂಡಿರುತ್ತದೆ. ಜೆಲ್ಲಿ ಬೆಳೆಯುವುದಿಲ್ಲ. ಇಷ್ಟು ಹೇಳಿ ಹೇಳಿ ಬಾಯಿ ನೋವು ಬಂತು.

೫ ಮಾರ್ಚ್

ಕೇಳಿಯೇ ಬಿಟ್ಟೆ. ವೆಟರ್ನರಿ ಕಾಲೇಜಿನವರ ಹತ್ತಿರ ಆಡುಗಳ ಮೇಲೆ ಒಂದು ಸ್ಟಡಿ ಮಾಡಿಸೋಣ, ತಂತಿ ನಿಜವಾದ ಮೈಯೊಳಗಿಂದ ಹೇಗೆ ಬರುತ್ತದೆ ನೋಡೋಣ ಅಂತ. ಸರ್ವೋತ್ತಮ ಕೈ ಮುಗಿದ.

"ಅದೊಂದು ಹೇಳ್ಬೇಡ ಮಾರಾಯ್ತಿ. ನಮ್ಮ ಅಪ್ಪನ ಕಾಲದಿಂದ ಹೋಟೆಲಿನೊಳಗೆ ಒಂದು ಮೊಟ್ಟೆ ಬಂದದ್ದಿಲ್ಲ. ನಮ್ಮ ಕೈಯಿಂದ ಒಂದು ಪ್ರಾಣಿ ಸಾಯುದು ಬೇಡ."

"ಸೀದಾ ಮನುಷ್ಯರಿಗೆ ಹಾಕುದಾ ಸರ್?"

"ಮನುಷ್ಯರು ಸಾಯುದಿಲ್ಲಲ್ಲ. ಒಂದು ತಂತಿ, ಅಷ್ಟೆ."

ಮೀಟಿಂಗ್ ಮುಗಿಯಿತು. ಎಲ್ಲರಿಗೂ ಹೋಟೆಲಿನ ಶೀರಾ. ನಾನು ಮುಟ್ಟಲಿಲ್ಲ.

ಆತ ಕಳ್ಳನಾಗಿದ್ದರೆ ಸುಲಭವಿತ್ತು. ಆಡನ್ನು ನೆನೆದು ನಿಜಕ್ಕೂ ಕಣ್ಣು ಒದ್ದೆ ಮಾಡಿಕೊಂಡ. ಅದಕ್ಕೇ ಮೈ ಉರಿಯುವುದು.

೨೨ ಮಾರ್ಚ್

ಮೊದಲ ಪೇಶಂಟ್. ಮರೆಮ್ಮ. ರಾಯಚೂರು ಕಡೆಯವಳು, ಈಗ ಕೋಪರಖೈರಣೆಯಲ್ಲಿ ಖೋಲಿ. ಕಟ್ಟಡದ ಕೆಲಸದಲ್ಲಿ ಸ್ಲ್ಯಾಬ್ ಬಿದ್ದು ಬಲಗಾಲು ಮೊಣಕಾಲಿನ ಕೆಳಗೆ ಹೋಗಿದೆ. ಯಾವುದೋ ಸಂಸ್ಥೆಯವರು ಕೃತಕ ಕಾಲು ಕೊಟ್ಟಿದ್ದಾರೆ. ಹಾಕಿಕೊಂಡರೆ ಜೀವ ಹೋಗುವಷ್ಟು ನೋವು. ಕಾಲು ಮೂಲೆಯಲ್ಲಿ ನಿಂತಿದೆಯಂತೆ, ಅವಳು ಕೂತಿದ್ದಾಳಂತೆ.

ಡಾಕ್ಟರ್ ಹಿತೇಶ್ ಸರ್ವೋತ್ತಮನ ಅಕ್ಕನ ಮಗ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅದಕ್ಕೆ ನನ್ನನ್ನು ಕರೆಸಿದ್ದು. ಒಪ್ಪಿಗೆಗೆ ಮೊದಲು ಹೇಳಬೇಕಾದ್ದೆಲ್ಲ ಕನ್ನಡದಲ್ಲಿ ನಾನೇ ಹೇಳಿದೆ.

"ತಂತಿ ಒಳಗ ಉಳಿಯೂದಿಲ್ಲಲ್ಲ, ತಂಗಿ?"

ಹಿತೇಶನ ಕಡೆ ತಿರುಗಿದೆ. "ಪೂರಾ ನಿಕಲ್ತಾ ಹೈ, ಬೋಲ್ ದೋ," ಅಂದ.

"ಪೂರ್ತಿ ಹೊರಗೆ ಬರ್ತದೆ ಮರೆಮ್ಮಾ," ಅಂದೆ.

"ನೀ ಹೇಳ್ತಿ ಅಂದ್ರ ಆತು." ಹೆಬ್ಬೆಟ್ಟು ಒತ್ತಿದಳು. ಮಧ್ಯಾಹ್ನ ತೊಡೆಗೆ ತಂತಿ ಹಾಕಿದರು.

ವಾಪಸ್ ಬರುವಾಗ ಥಾಣೆಯಲ್ಲಿ ಇಳಿದು ಮನೆಗೆ ಹೋಗುವ ಡೊಂಬಿವಲಿ ಗಾಡಿ ಹತ್ತುವುದನ್ನೇ ಮರೆತು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ.

೧೧ ಏಪ್ರಿಲ್

ಮರೆಮ್ಮ ಕಾಲು ಹಾಕಿಕೊಂಡು ಬಂದಳು. ನಡೆದು. ಆಸ್ಪತ್ರೆಯ ಉದ್ದ ಕಾರಿಡಾರ್ ದಾಟಿ, ಗೋಡೆ ಹಿಡಿಯದೆ.

"ಸಂಡಾಸಿಗೆ ಹೋಗಾಕ ಈಗ ಯಾರ್ನೂ ಕರಿಯೂದಿಲ್ಲ ತಂಗಿ," ಅಂದಳು. ಸುತ್ತ ಗಂಡಸರಿದ್ದರು, ಜೋರಾಗಿಯೇ ಅಂದಳು.

ನನ್ನ ತಂತಿ. ನಾನು ಮಾಡಿದ್ದು. ಖುಷಿಯಾಯಿತು, ಯಾಕೆ ಸುಳ್ಳು. ಮನೆಯಲ್ಲಿ ಅಮ್ಮನಿಗೆ ಹೇಳಿದೆ. "ಎಡ್ಡೆ ಆಂಡ್," ಅಂದರು, ಒಳ್ಳೆಯದಾಯಿತು ಅಂತ. ಬಂಗುಡೆ ಹುರಿದರು.

೧೦ ಮೇ, ಮಧ್ಯಾಹ್ನ

ತೆಗೆದರು. ತುಂಡಾಯಿತು.

ಮೊದಲು ಸಲೀಸಾಗಿ ಬಂತು. ಕೊನೆಗೆ ಸಣ್ಣ ಜಗ್ಗು... ಹಿತೇಶನ ಕೈ ನಿಂತಿತು. ಟ್ರೇಯಲ್ಲಿ ತಂತಿ ಇದೆ, ಹುಕ್ ಇಲ್ಲ. ಲೆನ್ಸ್ ಹಿಡಿದೆ. ಬಾಗುವಲ್ಲೇ ಮುರಿದಿದೆ. ಎಕ್ಸ್‌ರೇಯಲ್ಲಿ ತೊಡೆಯೊಳಗೆ ಬಿಳಿ ಗೀರು.

"ಇತ್ನಾ ಸಾ ಹೈ. ಕುಛ್ ನಹೀ ಹೋಗಾ," ಅಂದ ಹಿತೇಶ್. ಇಷ್ಟೇ ಇಷ್ಟು, ಏನೂ ಆಗುವುದಿಲ್ಲವಂತೆ.

ಮರೆಮ್ಮ ಮಲಗಿದಲ್ಲಿಂದಲೇ ಕೇಳಿದಳು. "ಬಂತೇನು?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸರ್ವೋತ್ತಮ — "ಬಂತು ಬಂತು, ಎಲ್ಲ ಬಂತು."

ಅವಳು ನನ್ನನ್ನು ನೋಡಿದಳು. ನಾನು ಟ್ರೇ ನೋಡಿದೆ. ಎಕ್ಸ್‌ರೇ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದೆ. ಥೂ, ನನ್ನ ಜನ್ಮಕ್ಕೆ.

೧೨ ಮೇ

ಏನೂ ಆಗದೆ ಇರಬಹುದು. ಎಷ್ಟೋ ಜನರ ಮೈಯಲ್ಲಿ ಏನೇನೋ ಚೂರುಗಳಿರುತ್ತವೆ. ಗೊತ್ತು. ಆದರೆ ಅಲ್ಲಿ ಕೀವಾದರೆ? ನಾಳೆ ಬೇರೆ ಯಾವುದೋ ಆಸ್ಪತ್ರೆಯಲ್ಲಿ ಎಂಆರ್‌ಐ ಮಷಿನ್ನಿನೊಳಗೆ ಮಲಗಿಸಿದರೆ? ಮೈಯಲ್ಲಿ ಏನಾದರೂ ಲೋಹ ಇದೆಯಾ ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತಾಳೆ.

ಇದನ್ನೇ ಸರ್ವೋತ್ತಮನಿಗೆ ಹೇಳಿದೆ.

"ಅವಳನ್ನು ಹೆದರಿಸಿ ನಿಂಗೆ ಎಂತ ಸಿಗ್ತದೆ? ನಡೀತಾ ಇದ್ದಾಳಲ್ಲ?" ಅಂದ. ಆಮೇಲೆ ತಣ್ಣಗೆ — ಶನಿವಾರ ಎರಡನೇ ಪೇಶಂಟ್. ಅಂಬಾರಾಯ, ಕಲಬುರಗಿಯವ, ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಲಕ್ವ ಹೊಡೆದ ಮೇಲೆ ಭುಜದ ನೋವು. "ನೀನೇ ಬಂದು ಹೇಳ್ಬೇಕು. ಆವತ್ತು ಚಂದ ಹೇಳಿದ್ದೆ."

ಅದೇ ತಂತಿ. ಅದೇ ಹುಕ್.

"ಸ್ಟಡಿ ಆಗುವವರೆಗೆ ನಿಲ್ಲಿಸಿ ಸರ್."

"ಪುನಃ ಆಡಿನ ವಿಷಯವಾ?"

"ಆಡು ಬೇಡ ಅಂತ ಮರೆಮ್ಮನ್ನ ಹಿಡಿದಿರಿ." ಕಿರುಚಿದೆ. ಇಡೀ ಆಫೀಸಿಗೆ ಕೇಳಿತು. ಆತ ದೇವರ ಫೋಟೊ ಕಡೆ ತಿರುಗಿ ಕೆನ್ನೆ ಬಡಿದುಕೊಂಡ. ನನ್ನ ಪಾಪಕ್ಕೆ ಆತ ಕ್ಷಮೆ ಕೇಳುತ್ತಿದ್ದ. ಎದುರಿನ ಕುರ್ಚಿ ಎತ್ತಿ ಒಗೆಯಬೇಕು ಅನ್ನಿಸಿತು.

೧೫ ಮೇ, ಕೋಪರಖೈರಣೆಯಿಂದ ಬಂದು

ಹೋಗಿದ್ದೆ. ಮರೆಮ್ಮ ನಿಂತುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಹೇಳಿದೆ. ಎಲ್ಲ. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದೆ. ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕಿ, ಬೇಯಿಸಿ ತೆಗೆದಳು.

"ಆವತ್ತ ಬಂತು ಅಂದ್ರಲ್ಲ?"

"ಸುಳ್ಳು."

"ನೀ ಅಲ್ಲೇ ನಿಂತಿದ್ದಿ."

"ಹೌದು."

"ಪೂರಾ ಬರ್ತೈತಿ ಅಂದಾಕಿನೂ ನೀನ."

"ಹೌದು ಮರೆಮ್ಮಾ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೇರೆ ಡಾಕ್ಟರರಿಗೆ ತೋರಿಸೋಣ, ನಾನು ಜೊತೆಗೆ ಬರ್ತೇನೆ ಅಂದೆ. ಎಕ್ಸ್‌ರೇ ತೆಗೆದುಕೊಂಡು ಟ್ರಂಕಿನೊಳಗೆ ಇಟ್ಟಳು. ಶನಿವಾರ ಇನ್ನೊಬ್ಬರಿಗೆ ಹಾಕುತ್ತಾರೆ, ಅವರಿಗೆ ನಾನು ಮೊದಲೇ ಎಲ್ಲ ಹೇಳುತ್ತೇನೆ ಅಂದೆ.

"ನೀ ಹೇಳಬ್ಯಾಡ," ಅಂದಳು. "ನಿನ್ನ ಮಾತು ಭಾಳ ಛಂದ. ಕೇಳಿದವ್ರು ನಂಬತಾರ. ನಾ ಬರ್ತೀನಿ."

೧೭ ಮೇ, ಬೆಳಿಗ್ಗೆ, ಆಸ್ಪತ್ರೆಯ ಬೆಂಚು

ಕೆಲಸ ಬಿಟ್ಟಿಲ್ಲ. ಬಿಟ್ಟರೆ ಇಲ್ಲಿ ಒಳಗೆ ಬಿಡುವುದಿಲ್ಲ. ನಾಳೆ ಅವರೇ ಕೆಲಸದಿಂದ ತೆಗೆಯುತ್ತಾರೆ, ತೆಗೆಯಲಿ.

ಮರೆಮ್ಮ ನನ್ನ ಪಕ್ಕ ಕೂರಲಿಲ್ಲ. ಸೀದಾ ಎದುರಿನ ಬೆಂಚಿಗೆ ಹೋದಳು. ಅಲ್ಲಿ ಅಂಬಾರಾಯ, ಎಡಗೈ ಮಡಿಲಲ್ಲಿ ಇಟ್ಟುಕೊಂಡು. ಪಕ್ಕದಲ್ಲಿ ಹೆಂಡತಿ. ಮರೆಮ್ಮ ತೊಡೆ ತಟ್ಟಿ ತೋರಿಸುತ್ತಿದ್ದಾಳೆ.

"ನೋವು ಹೋಗೇತಿ, ಅದು ಖರೆ. ತಂತಿ ತುಂಡು ಇಲ್ಲೇ ಒಳಗ ಐತಿ, ಅದೂ ಖರೆ. ನನಗ ಮೊದ್ಲ ಯಾರೂ ಹೇಳಿದ್ದಿಲ್ಲ. ನೀವು ಕೇಳಿ ಹಾಕಿಸ್ಕೋರಿ, ಇಲ್ಲಂದ್ರ ಎದ್ದು ಮನೀಗೆ ನಡೀರಿ."

ಹೆಂಡತಿ ಏನೋ ಕೇಳುತ್ತಿದ್ದಾಳೆ. ಮರೆಮ್ಮ ನನ್ನ ಕಡೆ ಬೆರಳು ಮಾಡಿದಳು. ಇದನ್ನು ಮಾಡಿದಾಕಿ ಆಕೀನ, ಕೇಳ್ರಿ ಅಂತ.

ಅಂಬಾರಾಯ ಎದ್ದ. ನಿಧಾನಕ್ಕೆ ಬರುತ್ತಿದ್ದಾನೆ. ಲಿಫ್ಟ್ ತೆರೆಯಿತು — ಸರ್ವೋತ್ತಮ. ಅವನಿಗೂ ಕಂಡಿತು. ಅವನೂ ಈ ಕಡೆಗೇ, ಬೇಗ ಬೇಗ, "ಜ್ಯೋತ್ಸ್ನಾ, ಏನಿಲ್ಲ ಅಂತ ಹೇಳು ಅವರಿಗೆ" ಅನ್ನುತ್ತಾ. ಅಂಬಾರಾಯನೇ ಮೊದಲು ತಲುಪಿದ. ಕೇಳಿದ. ಹೌದು ಅಂದೆ, ಮರೆಮ್ಮ ಹೇಳಿದ್ದು ಎಲ್ಲ ಖರೆ.